ಪ್ಲೇಟಿಲಿ ಉಳುದ ಸ್ವರ

ಎಂಗಳ ಮಕ್ಕೊಗೆ ಈಗ ಪುನಃ ಪ್ಲೇಟಿನ ಮರುಳು ಸುರುವಾಯಿದು. ಮೊನ್ನೆ ಹೊತ್ತೋಪಗ ಗಂಗೂಬಾಯಿ ಹಾನಗಲ್ ಹಾಡಿದ ಒಂದು ಎಲ್‌ಪಿ ಹಾಕಿದವು. ಒಳ ಕಾಯಿ ಕೆರಕ್ಕೊಂಡಿದ್ದ ಅತ್ತೆ ಬಾಗಿಲಿಂಗೆ ಬಂದು, "ಅದಾರು, ಗೆಂಡುಮಕ್ಕಳ ಸ್ವರವ?" ಕೇಳಿದವು. "ಅಲ್ಲತ್ತೆ, ಹುಬ್ಬಳ್ಳಿಯ ಗಂಗೂಬಾಯಿ" ಹೇಳಿದೆ.

ಎನಗೆ ಆ ಸ್ವರ ಹೇಳಿರೆ ಭಾರೀ ಇಷ್ಟ. ನಿಧಾನಕ್ಕೆ ಏರುತ್ತು, ಆರಿಂಗೂ ಹೆದರುತ್ತಿಲ್ಲೆ. ಎಲ್‌ಪಿ ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗುದು. ಒಂದು ಹೊಡೆಲಿ 20 ನಿಮಿಷ ಹಾಡ್ಲಕ್ಕು, ರಾಗವ ಬಿಡುಸಿ ತೋರುಸುಲೆ ಎಡಿತ್ತು. ಅವರ ಸುರುವಾಣ ಪ್ಲೇಟುಗೊ ಹಾಂಗಲ್ಲ. 1930ರ ದಶಕದ ಆ ಅರಗಿನ ಪ್ಲೇಟುಗೊ 78 ಸುತ್ತಿಂದು, ಹೊಡೆಗೆ ಮೂರೇ ನಿಮಿಷ. ಅದರಲ್ಲಿಪ್ಪದು ಸಪುರ, ಚೂಪು ಸ್ವರ. ಹೆಸರುದೆ 'ಗಾಂಧಾರಿ' ಹೇಳಿ. ಮತ್ತೆ ಗಂಟಲಿನ ಚಿಕಿತ್ಸೆ ಆಗಿ ಸ್ವರ ದಪ್ಪ ಆತು. ಅವು ಹಾಡುದು ಬಿಟ್ಟಿದವಿಲ್ಲೆ. 2002ರಲ್ಲಿ ಅದೇ ದಪ್ಪ ಸ್ವರಕ್ಕೆ ಪದ್ಮವಿಭೂಷಣ ಬಂತು.

ಅವು 1913ರಲ್ಲಿ ಧಾರವಾಡಲ್ಲಿ ಹುಟ್ಟಿದವು. ಅಬ್ಬೆ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುಗು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಗಂಗೂಬಾಯಿದೆ ಇತ್ತಿದ್ದವು. ಅಂಬಗ ಅವಕ್ಕೆ ಇದ್ದ ಹೆದರಿಕೆ ಎಂತರ ಗೊಂತಿದ್ದ? ಹಾಡಿ ಆದ ಮತ್ತೆ ಉಂಡ ಎಂಜಲೆಲೆ ತೆಗವಲೆ ಹೇಳುಗೋ ಹೇಳಿ. ದೊಡ್ಡಾದ ಮೇಲೆ ಅವ್ವೇ ಹೇಳಿದ ಸಂಗತಿ ಇದು.

ನಮ್ಮ ದೇಶಲ್ಲಿ ಪ್ಲೇಟಿಂಗೆ ಸುರುವಿಂಗೆ ಹಾಡಿದವರಲ್ಲಿ ಸುಮಾರು ಜನ ಹೀಂಗೆ ಹಾಡೇ ಕಸುಬಾಗಿದ್ದ ಮನೆಯ ಹೆಮ್ಮಕ್ಕೊ. 1902ರಲ್ಲಿ ಕಲ್ಕತ್ತಲ್ಲಿ ಗೌಹರ್ ಜಾನ್ ಹಾಡಿದವು. ಹಾಡು ಮುಗುದಪ್ಪಗ ಇಂಗ್ಲಿಷಿಲ್ಲಿ ತನ್ನ ಹೆಸರಿನ ಜೋರಾಗಿ ಹೇಳುಗು. ಪ್ಲೇಟು ಅಚ್ಚಪ್ಪದು ದೂರದ ಜರ್ಮನಿಲಿ, ಹಾಡಿದ್ದು ಆರು ಹೇಳಿ ಅಲ್ಯಾಣವಕ್ಕೆ ಗೊಂತಾಯೆಕ್ಕನ್ನೆ. 1930ರಲ್ಲಿ ಅವು ತೀರಿಹೋದ್ದು ನಮ್ಮ ಮೈಸೂರಿಲಿ.

ವಿಚಿತ್ರ ನೋಡಿ. ಮರ್ಯಾದಸ್ತರ ಮನೆಯ ಚಾವಡಿಗೆ ಇವರ ಸ್ವರ ಬಂತು, ಪಂಕ್ತಿಗೆ ಮಾಂತ್ರ ಇವು ಬಪ್ಪಲಾಗ. ಅದೇ ಮನೆಯ ಅಜ್ಜಿಯಕ್ಕಳ ಶೋಭಾನೆ, ಆರತಿಹಾಡು ಜಾಲು ದಾಂಟಿದ್ದಿಲ್ಲೆ. ಅವರ ಪ್ಲೇಟು ಆರು ಮಾಡಿದ್ದವು? ಎನ್ನ ಅಜ್ಜಿ ಬರೆದು ಮಡಗಿದ ಶೋಭಾನೆ ಪುಸ್ತಕ ಈಗಳೂ ಇದ್ದು. ಅಕ್ಷರ ಇದ್ದು, ಧಾಟಿ ಗೊಂತಿಪ್ಪವು ಆರೂ ಇಲ್ಲೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಹೊಡೆಲಿ ಮದುವೆಗೆ ಶೋಭಾನೆ ಹೇಳುವ ಅತ್ತೆಕ್ಕೊ, ದೊಡ್ಡಮ್ಮಂದ್ರು ಇನ್ನೂ ಇದ್ದವು. ನಮ್ಮ ಎಲ್ಲೋರ ಕೈಲಿಯೂ ಮೊಬೈಲು ಇದ್ದು. ಬಪ್ಪ ಸರ್ತಿ ಹೋಗಿಪ್ಪಗ ಮೂರು ನಿಮಿಷ ರೆಕಾರ್ಡು ಮಾಡಿಕ್ಕಿ. ಅಕೇರಿಗೆ ಗೌಹರ್ ಜಾನಿನ ಹಾಂಗೆ ಅವರ ಹೆಸರಿನ ಅವರ ಬಾಯಿಂದಲೇ ಹೇಳ್ಸಿ, ಆತಾ?

ಎಂಗಳ ಅತ್ತೆದು ಆನು ಮೊನ್ನೆಯೇ ಮಾಡಿದೆ. ಹಾಡು ಒಂದೇ ಸರ್ತಿಗೆ ಆತು. ಹೆಸರು ಹೇಳ್ಲೆ ಮಾಂತ್ರ ಮೂರು ಸರ್ತಿ ನಾಚಿದವು.