ಹದಿಮೂರರ ರಸ್ತೆ, ಸೆಕೆಂಡ್ ಹ್ಯಾಂಡ್ ಕಾರು

ಊರಿಗೆ ಹೋಗಿ ಬರೋಕೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬೇಕು, ಯಾವುದು ಒಳ್ಳೇದು? ಆಫೀಸಿನಲ್ಲಿ ಈ ಪ್ರಶ್ನೆ ಎತ್ತಿ ನೋಡಿ, ಹತ್ತು ಜನ ಹತ್ತು ಹೆಸರು ಹೇಳ್ತಾರೆ. ಮೈಲೇಜು, ರೀಸೇಲು, ಸನ್‌ರೂಫು ಎಲ್ಲದರ ಬಗ್ಗೆ ಮಾತು ಬರುತ್ತೆ. "ನಿಮ್ಮೂರ ರಸ್ತೆ ಎಂಥದು?" ಅಂತ ಮಾತ್ರ ಯಾರೂ ಕೇಳೋದಿಲ್ಲ. ಕಾರಿನ ಸುಖ ಅರ್ಧ ಕಾರಿನಲ್ಲಿದ್ದರೆ ಇನ್ನರ್ಧ ಅದು ಓಡುವ ರಸ್ತೆಯಲ್ಲಿರುತ್ತೆ. ರಸ್ತೆಗೋ ಒಂದು ಚರಿತ್ರೆ ಇರುತ್ತೆ. ಹೋದ ವರ್ಷ ಕಾರು ಹುಡುಕೋಕೆ ಶುರು ಮಾಡಿದ ನಾನು ಕೊನೆಗೆ ಓದಿದ್ದು, ಕೇಳಿದ್ದು, ಲೆಕ್ಕ ಹಾಕಿದ್ದೆಲ್ಲ ಆ ಚರಿತ್ರೆಯನ್ನೇ.

ನಮ್ಮದು ಕೊಟ್ಟೂರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಬಳ್ಳಾರಿಯವರು ಇವನ್ನು ಪಶ್ಚಿಮ ತಾಲ್ಲೂಕುಗಳು ಅಂತಿದ್ದರು. ಈಗ ಎಲ್ಲವೂ ವಿಜಯನಗರ ಜಿಲ್ಲೆ. ಅಪ್ಪನಿಗೆ ಬೆನ್ನಿನ ಆಪರೇಷನ್ ಆದ ಮೇಲೆ ಆರು ವಾರಕ್ಕೊಮ್ಮೆ ಬೆಂಗಳೂರಿಗೆ ಬಂದು ತೋರಿಸಬೇಕಾಯ್ತು. ಒಂದು ಕಡೆಗೆ ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರು. ಸ್ಲೀಪರ್ ಬಸ್ಸಿನಲ್ಲಿ ಮೇಲಿನ ಬರ್ತು ಹತ್ತೋಕಾಗಲ್ಲ, ಕೆಳಗಿನದರಲ್ಲಿ ಮಲಗಿದರೂ ಪ್ರತಿ ಹಂಪಿಗೆ ಎದ್ದು ಕೂರ್ತಿದ್ದರು. ನನ್ನ ಹತ್ತಿರ ಇದ್ದದ್ದು ಎಂಟು ಲಕ್ಷ. ಹೊಸದರಲ್ಲಿ ಆ ದುಡ್ಡಿಗೆ ಸಣ್ಣ ಕಾರು ಬರುತ್ತೆ, ಹಳೆಯದರಲ್ಲಿ ದೊಡ್ಡದು. ಹಾಗಾಗಿ ಹಳೆಯದೇ ಅಂತ ತೀರ್ಮಾನ ಮಾಡಿದೆ.

ಇನ್ನು ಚರಿತ್ರೆಗೆ ಬರೋಣ. 1953ರ ಅಕ್ಟೋಬರ್ 1ರವರೆಗೆ ನಮ್ಮ ಕಡೆಯವರಿಗೆ ಬೆಂಗಳೂರು ಬೇರೆ ರಾಜ್ಯದ ಊರು. ನಾವಿದ್ದದ್ದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ. ಕೋರ್ಟು ಕಚೇರಿ ಕೆಲಸಕ್ಕೆ ಜನ ಪೂರ್ವಕ್ಕೆ ಹೋಗ್ತಿದ್ದರು. ಹೊಸಪೇಟೆಯಿಂದ ಕೊಟ್ಟೂರಿಗೆ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಮೀಟರ್ ಗೇಜ್ ರೈಲು ಬಂದಿತ್ತು, ಅದೂ ಜನರನ್ನು ಒಯ್ತಿದ್ದದ್ದು ಹೊಸಪೇಟೆ, ಬಳ್ಳಾರಿ, ಗುಂತಕಲ್ ದಿಕ್ಕಿಗೇ. ಆಂಧ್ರ ರಾಜ್ಯ ಹುಟ್ಟಿದ ದಿನವೇ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆಲೂರು, ಆದೋನಿ, ರಾಯದುರ್ಗ ಆ ಕಡೆ ಉಳಿದವು. ಅವತ್ತಿನಿಂದ ನಮ್ಮ ಮುಖ ದಕ್ಷಿಣಕ್ಕೆ ತಿರುಗಿತು. ಚಿತ್ರದುರ್ಗದ ಮೇಲೆ ಬೆಂಗಳೂರಿಗೆ ಹೋಗೋದು ನಮ್ಮ ಪಾಲಿಗೆ ಅಗತ್ಯವಾಗಿದ್ದು ಆಮೇಲೆಯೇ.

ಆ ಕಾಲದ ಕಾರು ಅಂದರೆ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗ್ತಿತ್ತು. 1950ರ ದಶಕದ ಕೊನೆಯಲ್ಲಿ ಶುರುವಾಗಿ 2014ರಲ್ಲಿ ನಿಂತಿತು. ಅಪ್ಪ ಇವತ್ತಿಗೂ "ಅಂಬಾಸಿಡರ್‌ನ್ಯಾಗ ಕುಂತ್ರ ಪಲ್ಲಕ್ಕಿನ್ಯಾಗ ಕುಂತಂಗ ಆಗ್ತಿತ್ತಪ" ಅಂತಾರೆ. ಇದು ಬರೀ ಹಳೇ ನೆನಪಿನ ಸವಿ ಅಂತ ತಳ್ಳಿಹಾಕೋ ಹಾಗಿಲ್ಲ. 15 ಇಂಚಿನ ಚಕ್ರ, ಅದರ ಸುತ್ತ ದಪ್ಪ ರಬ್ಬರು, ಹಿಂದೆ ಪಟ್ಟಿ ಸ್ಪ್ರಿಂಗು, ಸೋಫಾದಂಥ ಸೀಟು. ಎಲ್ಲಕ್ಕಿಂತ ಮುಖ್ಯವಾಗಿ, ಆಗ ಯಾರೂ ಅರವತ್ತರ ಮೇಲೆ ಓಡಿಸ್ತಿರಲಿಲ್ಲ. ಅರವತ್ತರಲ್ಲಿ ಗಾಳಿಯ ಸದ್ದು ಕಿವಿಗೆ ಬೀಳೋದೇ ಕಮ್ಮಿ. ಒಂಟಿ ಡಾಂಬರು ರಸ್ತೆಗೆ, ಆ ವೇಗಕ್ಕೆ, ಅದು ಹೇಳಿ ಮಾಡಿಸಿದ ಕಾರು.

ಆದ್ರೆ ಸಿಗಬೇಕಲ್ಲ! ಲೈಸೆನ್ಸು, ಕೋಟಾಗಳ ಕಾಲ ಅದು. ಅಂಬಾಸಿಡರ್‌ಗೋ ಫಿಯೆಟ್‌ಗೋ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಕಾಯೋಕಾಗದವರು ಹಳೇ ಕಾರಿಗೆ ಹೊಸದಕ್ಕಿಂತ ಹೆಚ್ಚು ಕೊಟ್ಟು ತರ್ತಿದ್ದರು. ಇವತ್ತು ಡಿಸ್ಕೌಂಟು ಕೇಳಿ ಚೌಕಾಸಿ ಮಾಡುವ ನಮಗೆ ಇದು ತಮಾಷೆ ಅನ್ನಿಸುತ್ತೆ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಕೈಬದಲಾಯಿತು. ಅಲ್ಲಿಂದ ಈ ಲೆಕ್ಕ ಸಡಿಲವಾಗುತ್ತಾ ಬಂತು. ಆದರೆ ಮಾರುತಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2175 ಮಿಲಿಮೀಟರು ಮಾತ್ರ. ಅಂಬಾಸಿಡರ್‌ನದು ಅದಕ್ಕಿಂತ ಸುಮಾರು ಒಂದು ಅಡಿ ಉದ್ದ. ಈ ಅಂತರ ಕಮ್ಮಿಯಾದಷ್ಟೂ ಗುಂಡಿ ಬಂದಾಗ ಕಾರು ತೊಟ್ಟಿಲಂತೆ ಹಿಂದೆ ಮುಂದೆ ತೂಗುತ್ತೆ. ನಮ್ಮ ಕಡೆ ಮಾರುತಿ ಡಾಕ್ಟರ ಕಾರಾಯಿತು, ಮೇಷ್ಟ್ರ ಕಾರಾಯಿತು. ದೂರದ ಊರಿಗೆ ಮಾತ್ರ ಜನ ಬಾಡಿಗೆ ಅಂಬಾಸಿಡರ್, ಆಮೇಲೆ ಸುಮೋ, ಕ್ವಾಲಿಸ್ ಅಂತಲೇ ಹುಡುಕ್ತಿದ್ದರು.

ಈಗ ರಸ್ತೆಯ ವಿಷಯ. ಸೊಲ್ಲಾಪುರದಿಂದ ವಿಜಾಪುರ, ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ, ಶಿವಮೊಗ್ಗ ದಾಟಿ ಮಂಗಳೂರು ಮುಟ್ಟುವ ರಾಷ್ಟ್ರೀಯ ಹೆದ್ದಾರಿಗೆ 13 ಅಂತ ನಂಬರಿತ್ತು. 2010ರಲ್ಲಿ ದೇಶದ ಹೆದ್ದಾರಿಗಳ ನಂಬರು ಬದಲಾದಾಗ ನಮ್ಮ ತುಂಡು 50 ಆಯ್ತು. ಕೂಡ್ಲಿಗಿಯಲ್ಲಿ ವಯಸ್ಸಾದವರು ಈಗಲೂ ಹದಿಮೂರು ಅಂತಲೇ ಅಂತಾರೆ. 2003ರ ನಂತರ ಚೀನಾದ ಉಕ್ಕಿನ ಹಸಿವು ಹೆಚ್ಚಿ ಅದಿರಿನ ಬೆಲೆ ಏರಿದಾಗ ಈ ರಸ್ತೆಯ ಗ್ರಹಚಾರ ಕೆಟ್ಟಿತು. ಸಂಡೂರು, ಹೊಸಪೇಟೆ ಕಡೆಯಿಂದ ದಕ್ಷಿಣಕ್ಕೆ ಹೋಗುವ ಲಾರಿಗಳಿಗೆ ಕೂಡ್ಲಿಗಿಯೇ ದಾರಿ. ಮಿತಿ ಮೀರಿ ತುಂಬಿದ ಲಾರಿಗಳ ಸಾಲು, ಡಾಂಬರಿನಲ್ಲಿ ಗಾಲಿಯಗಲದ ಕಾಲುವೆ, ಮರ ಗಿಡ ಮನೆ ಮಾಳಿಗೆ ಎಲ್ಲದರ ಮೇಲೂ ಕೆಂಪು ಧೂಳು. ಆಗ ನಾನು ಕಾಲೇಜಿನಲ್ಲಿದ್ದೆ. ಕಾನಹೊಸಹಳ್ಳಿಯಿಂದ ಕೂಡ್ಲಿಗಿಗೆ ಎಷ್ಟು ಹೊತ್ತು ಅಂತ ಕೇಳಿದರೆ ಯಾರೂ ಗಂಟೆಯಲ್ಲಿ ಹೇಳ್ತಿರಲಿಲ್ಲ, "ಲಾರಿ ಇಲ್ಲಂದ್ರ..." ಅಂತ ಶುರು ಮಾಡ್ತಿದ್ದರು.

ಆ ದಿನಗಳಲ್ಲಿ ಒಳ್ಳೇ ಕಾರು ಅಂದರೆ ಎತ್ತರದ, ಗಟ್ಟಿ ಚಾಸಿಯ, ಗುಂಡಿಗೆ ಹೆದರದ ಗಾಡಿ. ಗಣಿಯ ದುಡ್ಡು ಕಂಡವರು ಸ್ಕಾರ್ಪಿಯೊ, ಇನ್ನೋವಾ, ಫಾರ್ಚೂನರ್ ಕೊಂಡರು. ಅದು ಶೋಕಿಯೂ ಹೌದು, ರಸ್ತೆಗೆ ಕೊಟ್ಟ ಉತ್ತರವೂ ಹೌದು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಊರ ಹೊರಗಿನ ಬಯಲಲ್ಲಿ ತುಕ್ಕು ಹಿಡಿಯುತ್ತಾ ನಿಂತವು. ಕಂತು ಕಟ್ಟಲಾಗದ ಮನೆಗಳ ಮುಂದೆ ಫೈನಾನ್ಸಿನವರು ಬಂದು ನಿಂತರು. ಸಾಲ ಮಾಡಿ ಒಂದೇ ಲಾರಿ ಇಟ್ಟುಕೊಂಡಿದ್ದವನ ಕಥೆಯೂ ಆ ಚರಿತ್ರೆಯದೇ ಭಾಗ. ಸೆಕೆಂಡ್ ಹ್ಯಾಂಡ್ ಬಜಾರು ಯಾವ ಊರಿನಲ್ಲೇ ಆಗಲಿ, ಯಾರದೋ ಒಳ್ಳೇ ಕಾಲ ಮುಗಿದ ಮೇಲೆ ತುಂಬುತ್ತೆ ಅಂತ ನನಗೆ ಅರ್ಥವಾಗಿದ್ದು ಆಗ.

ಚಿತ್ರದುರ್ಗ–ಹೊಸಪೇಟೆ ರಸ್ತೆ ನಾಲ್ಕು ಪಥವಾಗಿದ್ದು ಆಮೇಲೆ. ಬೆಂಗಳೂರಿನಿಂದ ಚಿತ್ರದುರ್ಗದವರೆಗೆ ಪುಣೆ ರಸ್ತೆ ಅದಕ್ಕೂ ಮೊದಲೇ ಅಗಲವಾಗಿತ್ತು. ಹರಪನಹಳ್ಳಿಯವರು ದಾವಣಗೆರೆವರೆಗೂ ಅದರಲ್ಲೇ ಹೋಗಿ ತಿರುಗ್ತಾರೆ. ಈಗ ನಮ್ಮ ಪಯಣದ ಮುಕ್ಕಾಲಿಗೂ ಹೆಚ್ಚು ಭಾಗ ಎಂಬತ್ತು, ತೊಂಬತ್ತರ ವೇಗದ್ದು. ಇಲ್ಲಿ ಹಳೇ ಉತ್ತರ ಕೆಲಸಕ್ಕೆ ಬರೋದಿಲ್ಲ. ಎಂಬತ್ತು ದಾಟಿದ ಮೇಲೆ ಎಂಜಿನ್ನಿಗಿಂತ ಟೈರು ಮತ್ತು ಗಾಳಿಯ ಸದ್ದೇ ಜಾಸ್ತಿ. ಡೆಸಿಬೆಲ್ ಲೆಕ್ಕ ಕೂಡುವ ಲೆಕ್ಕ ಅಲ್ಲ: ಮೂರು ಹೆಚ್ಚಿದರೆ ಸದ್ದಿನ ಶಕ್ತಿ ದುಪ್ಪಟ್ಟು, ಹತ್ತು ಹೆಚ್ಚಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು. ಐದು ಗಂಟೆ ಆ ಗುಂಯ್‌ಗುಡುವಿಕೆಯಲ್ಲಿ ಕೂತರೆ ಓಡಿಸುವವನ ತಲೆ ಮಂಕಾಗುತ್ತೆ, ಬೆನ್ನು ನೋವಿನವರು ಮೈ ಬಿಗಿಹಿಡಿದೇ ಕೂರ್ತಾರೆ. ಅಂದರೆ ಸದ್ದು ಕಮ್ಮಿ ಇರೋದು ಐಷಾರಾಮ ಅಲ್ಲ, ಔಷಧಿಯ ಹಾಗೆ.

ಅಪ್ಪನ ಮನಸ್ಸು ಇನ್ನೋವಾ ಮೇಲಿತ್ತು. 2005ರಲ್ಲಿ ಬಿಡದಿಯಿಂದ ಬಂದ ಆ ಗಾಡಿ ಕ್ವಾಲಿಸ್‌ನ ಹಿಂದಿನ ಪಟ್ಟಿ ಸ್ಪ್ರಿಂಗು ಬಿಟ್ಟು ಸುರುಳಿ ಸ್ಪ್ರಿಂಗು ತಂದಿತು, ದೂರದ ಪ್ರಯಾಣಕ್ಕೆ ನಮ್ಮ ಜನ ಅದನ್ನು ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಸ್ಪ್ರಿಂಗುಗಳು ಏಳೆಂಟು ಜನರ ಭಾರಕ್ಕೆ ಮಾಡಿದ್ದು. ನಾವು ಮೂರೇ ಜನ. ಭಾರ ಕಮ್ಮಿಯಾದರೆ ಹಿಂದಿನ ಸೀಟು ಕುಲುಕುತ್ತೆ. ಸೆಡಾನ್ ನೋಡಿದೆ: ಸಿಟಿ, ಸಿಯಾಜ್, ಕೊರೊಲ್ಲಾ. ಉದ್ದದ ಕಾರು, ಹೆದ್ದಾರಿಯಲ್ಲಿ ನೆಲಕ್ಕೆ ಕಚ್ಚಿಕೊಂಡು ಹೋಗುತ್ತೆ. ಅಪ್ಪನನ್ನು ಕೂರಿಸಿ ನೋಡಿದಾಗ ತೊಂದರೆ ಗೊತ್ತಾಯ್ತು. ಸೀಟು ತಗ್ಗು, ಏಳೋವಾಗ ಸೊಂಟದ ಮೇಲೆ ಪೂರಾ ಭಾರ. "ಇದರಾಗ ಕುಂದ್ರಬಹುದು, ಏಳಾಕಾಗಂಗಿಲ್ಲ" ಅಂದರು. ಮುಗೀತು.

ಹಾಗಾಗಿ ನಡುವಿನದು ಬೇಕಾಯ್ತು: ಸೆಡಾನಿಗಿಂತ ಎತ್ತರ, ಜೀಪಿಗಿಂತ ಮೆತ್ತಗೆ. ಮಾರುತಿಯ ಎಸ್-ಕ್ರಾಸ್ ಪಟ್ಟಿಗೆ ಬಂದಿದ್ದು ಹೀಗೆ. 2015ರಲ್ಲಿ ಬಂದು 2022ರಲ್ಲಿ ನಿಂತ ಕಾರು. ಚಕ್ರಗಳ ಅಂತರ 2600 ಮಿಲಿಮೀಟರು, 16 ಇಂಚಿನ ರಿಮ್ಮಿಗೆ ದಪ್ಪ ಟೈರು. 2020ರ ಏಪ್ರಿಲ್‌ನಿಂದ ಬಿಎಸ್-6 ಕಡ್ಡಾಯವಾದಾಗ ಮಾರುತಿ ಡೀಸೆಲ್ ಕೈಬಿಟ್ಟಿತು, ಆ ಆಗಸ್ಟಿನಿಂದ ಈ ಕಾರು ಪೆಟ್ರೋಲಿನಲ್ಲಿ ಮಾತ್ರ ಬಂತು. ನನಗೆ ಬೇಕಾಗಿದ್ದದ್ದು ಆ ಪೆಟ್ರೋಲ್. ಫ್ಯಾಷನ್ ಆಗಲಿಲ್ಲ ಅನ್ನೋದು ಕೊಳ್ಳುವವನಿಗೆ ಲಾಭ.

ಮೂರು ಗಾಡಿ ನೋಡಿದೆ, ಎಲ್ಲಕ್ಕೂ ಒಂದೇ ಪರೀಕ್ಷೆ. ಎಸಿ ಬಂದ್, ಹಾಡು ಬಂದ್, ಗಾಜು ಏರಿಸಿ ತುಮಕೂರು ರಸ್ತೆಯಲ್ಲಿ ಎಂಬತ್ತು. ಆಕ್ಸಿಲರೇಟರ್ ಬಿಟ್ಟಾಗ ಸದ್ದು ಇಳಿದರೆ ಅದು ಎಂಜಿನ್ನಿನದು. ಇಳಿಯದಿದ್ದರೆ ಟೈರಿನದು ಅಥವಾ ಚಕ್ರದ ಬೇರಿಂಗಿನದು. ಸ್ಟೇರಿಂಗು ಮೆಲ್ಲಗೆ ಎಡಬಲ ಮಾಡಿದಾಗ ಗೊರಗೊರ ಬದಲಾದರೆ ಬೇರಿಂಗ್. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷದ ಟೈರಿನಲ್ಲಿ ಗುಂಡಿ ಎಷ್ಟೇ ಉಳಿದಿದ್ದರೂ ರಬ್ಬರು ಗಟ್ಟಿಯಾಗಿ ಕೂಗುತ್ತೆ. ಬಾಗಿಲ ಬೀಡಿಂಗಿನ ಸಂದಿಗೆ ಒಂದು ಕಾಗದ ಇಟ್ಟು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿಂದಲೇ ಗಾಳಿ ಶಿಳ್ಳೆ ಹೊಡೆಯೋದು. ಟೈರು, ಬೀಡಿಂಗು, ಎಂಜಿನ್ ಮೌಂಟು, ಸಸ್ಪೆನ್ಷನ್ ಬುಷ್ಷು, ಇವೆಲ್ಲ ರಬ್ಬರಿನ ಸಾಮಾನು, ಬದಲಿಸಬಹುದು. ಹಳೇ ಕಾರನ್ನು ಸುಮ್ಮನಾಗಿಸೋಕೆ ಹೆಚ್ಚಿನಂಶ ಅಷ್ಟೇ ಸಾಕು.

ಎರಡನೇ ಗಾಡಿ ಕೆಎ-35, ಹೊಸಪೇಟೆಯದು. ನಂಬರ್ ಪ್ಲೇಟೂ ನಮ್ಮಲ್ಲಿ ಚರಿತ್ರೆಯೇ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 371ಜೆ ಸೌಲಭ್ಯದ ಹೋರಾಟದ ನಂತರ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಲ್ಲಿನ ಬೀದಿಯಲ್ಲಿ ಕೆಎ-17 ಪಕ್ಕದಲ್ಲೇ ಕೆಎ-35 ನಿಂತಿರುತ್ತೆ. ನಾನು ನೋಡಿದ ಗಾಡಿಯ ಸೀಟನ್ನು ಮೆಕ್ಯಾನಿಕ್ ಹಿಂದಕ್ಕೆ ಸರಿಸಿದಾಗ ಹಳಿಯ ಸಂದಿಯಲ್ಲಿ ಕೆಂಪು ಧೂಳು ಕೂತಿತ್ತು. "ಹೆದರಬ್ಯಾಡ್ರಿ ಅಣ್ಣ, ಇದು ನೀರಿನ ಕೆಸರಲ್ಲ, ಸಂಡೂರು ಮಣ್ಣು" ಅಂದ. 2022ರ ಮಳೆಯಲ್ಲಿ ಬೆಂಗಳೂರಿನಲ್ಲಿ ಮುಳುಗಿದ ಕಾರುಗಳ ಸುದ್ದಿ ಗೊತ್ತಿದ್ದವರು ಕಾರ್ಪೆಟ್ಟಿನ ಕೆಳಗೂ ಕೈ ಹಾಕಿ ನೋಡ್ತಾರೆ. ಅಲ್ಲಿ ಒಣಗಿತ್ತು. ಬ್ಯಾಂಕಿನ ಎನ್‌ಒಸಿ, ಇನ್ಶೂರೆನ್ಸ್ ಕ್ಲೈಮು, ಆರ್‌ಸಿಯಲ್ಲಿನ ಸಾಲದ ನಮೂದು ಎಲ್ಲ ನೋಡಿ ಅದನ್ನೇ ತಗೊಂಡೆ. ನಾಲ್ಕು ಟೈರು ಬದಲಿಸಿದೆ.

ಆ ಕಾರನ್ನೇ ಆರಿಸಿದ್ದಕ್ಕೆ ಕಾರಣ ಹೆದ್ದಾರಿ ಅಲ್ಲ. ಹೆದ್ದಾರಿಯಲ್ಲಿ ಇವತ್ತು ಬಹುತೇಕ ಎಲ್ಲ ಕಾರೂ ಚೆಂದ ಹೋಗುತ್ತೆ. ಕೂಡ್ಲಿಗಿಯಲ್ಲಿ ನಾಲ್ಕು ಪಥ ಬಿಟ್ಟು ಕೊಟ್ಟೂರಿಗೆ ತಿರುಗಿದ ಮೇಲೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಇದೆಯಲ್ಲ, ಅಲ್ಲಿ ಎತ್ತಿನ ಗಾಡಿ, ಕೊಟ್ಟೂರೇಶ್ವರನ ಪಾದಯಾತ್ರೆಯವರು, ಕಡಲೆ ತುಂಬಿದ ಟ್ರ್ಯಾಕ್ಟರು, ಲೆಕ್ಕವಿಲ್ಲದ ಹಂಪು. ಹಡಗಲಿಯವರಿಗೂ ಹಗರಿಬೊಮ್ಮನಹಳ್ಳಿಯವರಿಗೂ ಇದೇ ಪಾಡು. ಮೊದಲ ಇನ್ನೂರೈವತ್ತು ಕಿಲೋಮೀಟರಿನಲ್ಲಿ ನಿದ್ದೆ ಹೋದ ಬೆನ್ನು ನೋವು ಎಚ್ಚರವಾಗೋದು ಈ ಕೊನೆಯ ಇಪ್ಪತ್ತರಲ್ಲಿ. ನಿಮ್ಮ ಊರಿನ ಕೊನೆಯ ಇಪ್ಪತ್ತು ಕಿಲೋಮೀಟರು ಯಾವುದು ಅಂತ ಮೊದಲು ಹೇಳಿ. ಅದಕ್ಕೆ ತಕ್ಕ ಕಾರನ್ನು ಆಮೇಲೆ ಹುಡುಕೋಣ.