ನ್ಯಾಯಾಲಯದ ಶಿರಸ್ತೇದಾರರ ಕಚೇರಿ

ಶಿರಸ್ತೇದಾರರ ಕಚೇರಿ ಎಂಬುದು ಕರ್ನಾಟಕದ ಜಿಲ್ಲಾ ಹಾಗೂ ತಾಲ್ಲೂಕು ನ್ಯಾಯಾಲಯಗಳ ಆಡಳಿತ ಶಾಖೆ. ದಾವೆ ಮತ್ತು ಅರ್ಜಿಗಳನ್ನು ಸ್ವೀಕರಿಸಿ ಪರಿಶೀಲಿಸುವುದು, ವಹಿಗಳಲ್ಲಿ ನಮೂದಿಸುವುದು, ಸಮನ್ಸ್ ಹೊರಡಿಸುವುದು, ಕಡತಗಳನ್ನು ಕಾಪಾಡುವುದು ಮತ್ತು ದೃಢೀಕೃತ ನಕಲು ನೀಡುವುದು ಇದರ ಮುಖ್ಯ ಕರ್ತವ್ಯಗಳು. ವ್ಯಾಜ್ಯವನ್ನು ತೀರ್ಮಾನಿಸುವ ಅಧಿಕಾರ ಈ ಕಚೇರಿಗೆ ಇಲ್ಲ; ಅದು ನ್ಯಾಯಾಧೀಶರಿಗೆ ಮಾತ್ರ ಸೇರಿದ್ದು. ಆದರೂ ಇಲ್ಲಿ ಬರೆಯಲಾಗುವ ಒಂದು ದಿನಾಂಕ ಅಥವಾ ಒಂದು ಮೊತ್ತದಿಂದ ಕಕ್ಷಿದಾರನ ಹಕ್ಕು ಉಳಿಯಬಹುದು, ಕಳೆದುಹೋಗಲೂಬಹುದು.

ಹೆಸರು ಮತ್ತು ಸಿಬ್ಬಂದಿ

‘ಶಿರಸ್ತೇದಾರ’ ಪದದ ಮೂಲ ಪಾರ್ಸಿ ಭಾಷೆಯ ‘ಸರಿಶ್ತಾದಾರ್’. ದಫ್ತರವನ್ನು ನೋಡಿಕೊಳ್ಳುವವನು ಎಂಬುದು ಅದರ ಅರ್ಥ. ವಕಾಲತ್ತು, ನಜೀರ, ಅಮೀನ, ಮುದ್ದೆಮಾಲು ಮುಂತಾದ ಮಾತುಗಳಂತೆ ಇದೂ ಹಳೆಯ ಆಡಳಿತದಿಂದ ಉಳಿದುಬಂದದ್ದು. ತಾಲ್ಲೂಕು ಕಚೇರಿಯಲ್ಲೂ ಶಿರಸ್ತೇದಾರರಿರುತ್ತಾರೆ. ಅವರು ಕಂದಾಯ ಇಲಾಖೆಗೆ ಸೇರಿದವರು. ಹೆಸರು ಒಂದೇ ಆದುದರಿಂದ ಜನರು ಇಬ್ಬರನ್ನೂ ಒಂದೇ ಎಂದು ಭಾವಿಸುವುದುಂಟು.

ಜಿಲ್ಲಾ ನ್ಯಾಯಾಲಯದ ಸಿಬ್ಬಂದಿಗೆ ಮುಖ್ಯಸ್ಥರು ಮುಖ್ಯ ಆಡಳಿತಾಧಿಕಾರಿ. ಪ್ರತಿ ನ್ಯಾಯಾಲಯದ ಶಿರಸ್ತೇದಾರರ ಕೈಕೆಳಗೆ ಪ್ರಥಮ ಹಾಗೂ ದ್ವಿತೀಯ ದರ್ಜೆ ಸಹಾಯಕರು, ಶೀಘ್ರಲಿಪಿಗಾರರು, ಬೆರಳಚ್ಚು-ನಕಲುಗಾರರು, ಆದೇಶ ಜಾರಿಕಾರರು ಮತ್ತು ಜವಾನರು ಇರುತ್ತಾರೆ. ವಿಚಾರಣೆಯ ವೇಳೆ ನ್ಯಾಯಾಧೀಶರ ಮುಂದೆ ಕುಳಿತು ಪ್ರಕರಣಗಳನ್ನು ಕೂಗಿಸುವ, ಮುಂದಿನ ವಾಯಿದೆ ಬರೆದುಕೊಳ್ಳುವ ನೌಕರರಿಗೆ ಬೆಂಚ್ ಕ್ಲರ್ಕ್ ಎಂದೇ ಹೆಸರು. ಸಾಮಾನ್ಯ ಕಕ್ಷಿದಾರನಿಗೆ ನ್ಯಾಯಾಲಯವೆಂದರೆ ಬಹುಪಾಲು ಇವರೇ.

ಶಿವಮೊಗ್ಗ ನಗರದಲ್ಲಿ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಲಯವಿದೆ. ಭದ್ರಾವತಿಯಲ್ಲಿ ಸಿವಿಲ್ ನ್ಯಾಯಾಲಯಗಳ ಜೊತೆಗೆ ಹೆಚ್ಚುವರಿ ಜಿಲ್ಲಾ ಮತ್ತು ಸತ್ರ ನ್ಯಾಯಾಲಯವೂ ಕುಳಿತುಕೊಳ್ಳುತ್ತದೆ. ಆದ್ದರಿಂದ ಭದ್ರಾವತಿಯ ಪ್ರಕರಣವೊಂದರ ನಕಲು ಬೇಕಾದವರು ಮೊದಲು ಅದರ ಕಡತ ಯಾವ ನ್ಯಾಯಾಲಯದಲ್ಲಿದೆ ಎಂದು ತಿಳಿದುಕೊಳ್ಳಬೇಕು.

ಅಧಿಕಾರದ ಮೂಲ

ಸಂವಿಧಾನದ 235ನೆಯ ವಿಧಿಯಂತೆ ಅಧೀನ ನ್ಯಾಯಾಲಯಗಳ ಮೇಲಿನ ನಿಯಂತ್ರಣ ಉಚ್ಚ ನ್ಯಾಯಾಲಯದ್ದು. ಆ ನ್ಯಾಯಾಲಯಗಳ ಅಧಿಕಾರಿಗಳು ವಹಿ, ನಮೂದು ಮತ್ತು ಲೆಕ್ಕಗಳನ್ನು ಯಾವ ನಮೂನೆಯಲ್ಲಿ ಇಡಬೇಕೆಂಬುದನ್ನು 227ನೆಯ ವಿಧಿಯಡಿ ಅದೇ ಗೊತ್ತುಪಡಿಸುತ್ತದೆ. ದೈನಂದಿನ ಕೆಲಸಕ್ಕೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, 1967ರ ಕರ್ನಾಟಕ ಸಿವಿಲ್ ಆಚರಣಾ ನಿಯಮಗಳು, 1968ರ ಕ್ರಿಮಿನಲ್ ಆಚರಣಾ ನಿಯಮಗಳು ಮತ್ತು 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಹಾಗೂ ದಾವೆಗಳ ಮೌಲ್ಯನಿರ್ಣಯ ಅಧಿನಿಯಮ ಆಧಾರ. ಕ್ರಿಮಿನಲ್ ಪ್ರಕರಣಗಳಿಗೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ವಯಿಸುತ್ತದೆ.

ದಾವೆಯ ಸ್ವೀಕಾರ

ಸಿವಿಲ್ ಸಂಹಿತೆಯ 4ನೆಯ ಆದೇಶದ ಪ್ರಕಾರ ದಾವೆಯನ್ನು ನ್ಯಾಯಾಲಯಕ್ಕೆ ಅಥವಾ ಅದು ನೇಮಿಸಿದ ಅಧಿಕಾರಿಗೆ ಸಲ್ಲಿಸಬೇಕು. ಅದರ ವಿವರಗಳನ್ನು ದಾವೆಗಳ ವಹಿಯಲ್ಲಿ ಕ್ರಮಸಂಖ್ಯೆ ಹಾಕಿ ಬರೆಯಬೇಕು. ಸಹಿ, ಸತ್ಯಾಪನೆ, ಪ್ರತಿಗಳ ಸಂಖ್ಯೆ, ಶುಲ್ಕ, ಕಾಲಮಿತಿ ಇವನ್ನೆಲ್ಲ ಕಚೇರಿ ಪರಿಶೀಲಿಸುತ್ತದೆ. ಕೊರತೆ ಕಂಡರೆ ‘ಕಚೇರಿ ಆಕ್ಷೇಪಣೆ’ ಬರೆಯುತ್ತದೆ.

ಆಕ್ಷೇಪಣೆ ತೀರ್ಪಲ್ಲ. ಶುಲ್ಕ ಕಡಿಮೆಯಾಗಿದೆ ಎಂದು ಶಿರಸ್ತೇದಾರರು ಟಿಪ್ಪಣಿ ಬರೆಯಬಹುದು. ಸರಿಯಾದ ಶುಲ್ಕ ಎಷ್ಟೆಂದು ನಿರ್ಧರಿಸುವುದು ನ್ಯಾಯಾಲಯ. ಕೊರತೆಯನ್ನು ತುಂಬಲು 149ನೆಯ ಕಲಮಿನಡಿ ಅವಕಾಶ ಕೊಡುವುದೂ, 7ನೆಯ ಆದೇಶದ 11ನೆಯ ನಿಯಮದಡಿ ದಾವೆಯನ್ನು ತಿರಸ್ಕರಿಸುವುದೂ ನ್ಯಾಯಾಧೀಶರ ಅಧಿಕಾರ. ಕಚೇರಿಯ ಆಕ್ಷೇಪಣೆಯನ್ನು ಒಪ್ಪದ ಪಕ್ಷಕಾರ, ವಿಷಯವನ್ನು ನ್ಯಾಯಾಧೀಶರ ಮುಂದಿಡಬೇಕೆಂದು ಕೋರಬಹುದು. ಕಿಟಕಿಯ ಬಳಿ ಕೇಳಿಬಂದ ‘ಆಗುವುದಿಲ್ಲ’ ಎಂಬ ಮಾತನ್ನೇ ಕೊನೆಯ ಆದೇಶವೆಂದು ತಿಳಿದು ಮನೆಗೆ ಮರಳುವುದು ತರವಲ್ಲ.

ಸಮನ್ಸ್ ಮತ್ತು ವಾರಂಟು

ಸಿವಿಲ್ ಸಮನ್ಸಿಗೆ ನ್ಯಾಯಾಧೀಶರಾಗಲಿ ಅವರು ನೇಮಿಸಿದ ಅಧಿಕಾರಿಯಾಗಲಿ ಸಹಿ ಹಾಕಬಹುದು, ಮೊಹರು ಕಡ್ಡಾಯ. ಕ್ರಿಮಿನಲ್ ಸಮನ್ಸಿಗೂ ಉಚ್ಚ ನ್ಯಾಯಾಲಯ ನಿಯಮದ ಮೂಲಕ ಸೂಚಿಸಿದ ಅಧಿಕಾರಿ ಸಹಿ ಮಾಡಬಹುದು. ಬಂಧನದ ವಾರಂಟಿಗೆ ಮಾತ್ರ ಈ ಸಡಿಲಿಕೆ ಇಲ್ಲ. ಅದಕ್ಕೆ ಪೀಠಾಧಿಕಾರಿಯದೇ ಸಹಿ ಬೇಕು. ಕರೆದು ತಿಳಿಸುವ ಕಾಗದಕ್ಕೂ ಹಿಡಿದು ತರುವ ಕಾಗದಕ್ಕೂ ಕಾನೂನು ಇಟ್ಟಿರುವ ಈ ಅಂತರದಲ್ಲಿ ಕಚೇರಿಯ ಅಧಿಕಾರದ ಎಲ್ಲೆ ಸ್ಪಷ್ಟವಾಗಿ ಕಾಣುತ್ತದೆ.

ಆದೇಶ ಜಾರಿಕಾರರ ವರದಿಯ ಮಹತ್ವವನ್ನು ಬಹಳ ಮಂದಿ ಗಮನಿಸುವುದಿಲ್ಲ. ಪ್ರತಿವಾದಿಯು ಸಮನ್ಸ್ ತಲುಪಿದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ನ್ಯಾಯಾಲಯ ಕಾರಣ ದಾಖಲಿಸಿ ಈ ಅವಧಿಯನ್ನು 90 ದಿನಗಳವರೆಗೆ ವಿಸ್ತರಿಸಬಹುದು. ದಿನಗಣನೆ ಆರಂಭವಾಗುವುದು ವರದಿಯಲ್ಲಿನ ದಿನಾಂಕದಿಂದ. ಮನೆಯಲ್ಲಿ ಯಾರೂ ಸಿಗದಾಗ ಬಾಗಿಲಿಗೆ ಸಮನ್ಸ್ ಅಂಟಿಸಿ, ಹೇಗೆ, ಯಾವಾಗ, ಯಾರ ಸಮಕ್ಷಮದಲ್ಲಿ ಅಂಟಿಸಲಾಯಿತೆಂದು ಬರೆಯಬೇಕು. ಆ ವರದಿ ಪ್ರಮಾಣಪತ್ರದಿಂದ ದೃಢಪಟ್ಟಿರದಿದ್ದರೆ ನ್ಯಾಯಾಲಯವು ಜಾರಿಕಾರರನ್ನು ಪ್ರಮಾಣದ ಮೇಲೆ ವಿಚಾರಿಸಬೇಕಾಗುತ್ತದೆ. ಸಮನ್ಸ್ ತಲುಪದೆಯೇ ಏಕಪಕ್ಷೀಯ ಡಿಕ್ರಿಯಾದರೆ 9ನೆಯ ಆದೇಶದ 13ನೆಯ ನಿಯಮದಡಿ ಅದನ್ನು ರದ್ದುಪಡಿಸಲು ಕೋರಬಹುದು.

ದೃಢೀಕೃತ ನಕಲು ಮತ್ತು ಕಾಲಮಿತಿ

ತೀರ್ಪಿನ ನಂತರ ಸಾಧ್ಯವಾದಷ್ಟು ಬೇಗ, 15 ದಿನಗಳೊಳಗೆ ಡಿಕ್ರಿ ಸಿದ್ಧವಾಗಬೇಕೆಂದು ಸಂಹಿತೆ ಹೇಳುತ್ತದೆ. ಡಿಕ್ರಿಯ ಕರಡನ್ನು ಕಚೇರಿ ಸಿದ್ಧಪಡಿಸಿದರೂ ಸಹಿ ನ್ಯಾಯಾಧೀಶರದು, ದಿನಾಂಕ ತೀರ್ಪಿನದು.

ಸಿವಿಲ್ ಡಿಕ್ರಿಯ ಮೇಲೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 90 ದಿನ, ಜಿಲ್ಲೆಯೊಳಗಿನ ಮೇಲಿನ ನ್ಯಾಯಾಲಯಕ್ಕೆ 30 ದಿನ ಅವಕಾಶವಿದೆ. ನಕಲು ಪಡೆಯಲು ತಗಲಿದ ಅಗತ್ಯ ಸಮಯವನ್ನು 1963ರ ಕಾಲಮಿತಿ ಅಧಿನಿಯಮದ 12ನೆಯ ಕಲಮು ಲೆಕ್ಕದಿಂದ ಬಿಡುತ್ತದೆ. ಉದಾಹರಣೆಗೆ, ಜೂನ್ 1ರಂದು ತೀರ್ಪಾಗಿದ್ದರೆ 30 ದಿನಗಳು ಜುಲೈ 1ಕ್ಕೆ ಮುಗಿಯುತ್ತವೆ. ಜೂನ್ 11ರಂದು ಅರ್ಜಿ ಹಾಕಿ, 16ರಂದು ನಕಲು ಸಿದ್ಧವಾದರೆ ಆ 6 ದಿನಗಳು ಸೇರಿ ಗಡುವು ಜುಲೈ 7 ಆಗುತ್ತದೆ. ನಕಲು ಸಿದ್ಧವಾದ ಮೇಲೂ ಕಕ್ಷಿದಾರ ಒಯ್ಯದೆ ಕಳೆದ ದಿನಗಳಿಗೆ ಈ ರಿಯಾಯಿತಿ ಇಲ್ಲ. ಅರ್ಜಿ ಹಾಕುವ ಮೊದಲು ಡಿಕ್ರಿ ಸಿದ್ಧಪಡಿಸಲು ಹಿಡಿದ ಕಾಲಕ್ಕೂ ಇಲ್ಲ. ಆದ್ದರಿಂದ ನಕಲಿನ ಮೇಲೆ ಬರೆಯುವ ಅರ್ಜಿಯ ದಿನ ಮತ್ತು ಸಿದ್ಧವಾದ ದಿನಗಳನ್ನು ಕೈಗೆ ಬಂದಾಗಲೇ ಓದಿ ನೋಡುವುದು ಒಳ್ಳೆಯದು.

ಸೆರೆವಾಸದ ಶಿಕ್ಷೆಗೆ ಒಳಗಾದ ಆರೋಪಿಗೆ ತೀರ್ಪಿನ ಪ್ರತಿಯನ್ನು ಕೂಡಲೇ, ಉಚಿತವಾಗಿ ನೀಡಬೇಕು. ನ್ಯಾಯಾಲಯದ ನಿಯಮಗಳಲ್ಲೇ ನಕಲು ಪಡೆಯುವ ಕ್ರಮವಿರುವಾಗ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಹಾಕಿ ಪಡೆಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ, ಗುಜರಾತ್ ಉಚ್ಚ ನ್ಯಾಯಾಲಯಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಮಾನಿಸಿದೆ.

ಕಚೇರಿಯ ತಪ್ಪು

ನೌಕರರ ತಪ್ಪಿಗೆ ಕಕ್ಷಿದಾರ ದಂಡ ತೆರಬೇಕೆ? ಜಂಗ್ ಸಿಂಗ್ ವಿರುದ್ಧ ಬ್ರಿಜ್ ಲಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ಎದುರಿಸಿತು. ಪಂಜಾಬಿನ ಜಮೀನೊಂದರ ಮೊದಲ ಖರೀದಿಯ ಹಕ್ಕಿಗಾಗಿ ಹೂಡಿದ್ದ ದಾವೆಯದು. ಡಿಕ್ರಿಯಂತೆ 5,951 ರೂಪಾಯಿಗಳಲ್ಲಿ ಮೊದಲೇ ಕಟ್ಟಿದ್ದ 1,000 ರೂಪಾಯಿ ಕಳೆದು 4,951 ರೂಪಾಯಿ ಠೇವಣಿ ಇಡಬೇಕಿತ್ತು. ಕಚೇರಿಯ ಗುಮಾಸ್ತರು ಬರೆದ ಚಲನ್ 4,950 ರೂಪಾಯಿಯದು. ಜಂಗ್ ಸಿಂಗ್ ಅದರಂತೆಯೇ ಕಟ್ಟಿದರು. ಒಂದು ರೂಪಾಯಿ ಕಡಿಮೆಯಾದುದರಿಂದ ದಾವೆಯೇ ಬಿದ್ದುಹೋಯಿತೆಂದು ಎದುರು ಪಕ್ಷ ವಾದಿಸಿತು. ನ್ಯಾಯಾಲಯದ್ದೇ ತಪ್ಪಿನಿಂದ ಕಕ್ಷಿದಾರನಿಗೆ ಹಾನಿಯಾಗಬಾರದೆಂಬ ತತ್ತ್ವವನ್ನು ಆಧರಿಸಿ 1963ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಂಗ್ ಸಿಂಗ್ ಅವರ ಪರವಾಗಿ ನಿಂತು, ಉಳಿದ ಒಂದು ರೂಪಾಯಿ ಕಟ್ಟಲು ಅವಕಾಶ ನೀಡಿತು. ಆದರೂ ಅಷ್ಟಕ್ಕೆ ದೆಹಲಿಯವರೆಗೆ ಹೋಗಬೇಕಾಯಿತು ಎಂಬುದನ್ನು ಮರೆಯಲಾಗದು.

ತೀರ್ಪು, ಡಿಕ್ರಿ ಅಥವಾ ಆದೇಶಗಳಲ್ಲಿನ ಬರವಣಿಗೆಯ ಮತ್ತು ಲೆಕ್ಕದ ತಪ್ಪುಗಳನ್ನು 152ನೆಯ ಕಲಮಿನಡಿ ಯಾವಾಗ ಬೇಕಾದರೂ ತಿದ್ದಬಹುದು. ತಿದ್ದುವುದು ನ್ಯಾಯಾಲಯವೇ, ಸಹಿಯಾದ ಕಾಗದದಲ್ಲಿ ಒಂದು ಅಂಕಿಯನ್ನೂ ಬದಲಿಸುವ ಅಧಿಕಾರ ಗುಮಾಸ್ತರಿಗಿಲ್ಲ.

ನಿರ್ಬಂಧಗಳು ಮತ್ತು ರಕ್ಷಣೆ

ದಾಖಲೆ ಬರೆಯುವ, ದೃಢೀಕರಿಸುವ ಅಥವಾ ಕಾಪಾಡುವ ಹೊಣೆಯುಳ್ಳ ನ್ಯಾಯಾಲಯದ ಅಧಿಕಾರಿ ಕಾನೂನಿನ ದೃಷ್ಟಿಯಲ್ಲಿ ಲೋಕಸೇವಕ. ಹರಾಜಿಗೆ ಸಂಬಂಧಿಸಿದ ಕೆಲಸ ಮಾಡುವ ಅಧಿಕಾರಿ, ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ, ಆ ಆಸ್ತಿಗೆ ಕೂಗುವಂತಿಲ್ಲವೆಂದು 21ನೆಯ ಆದೇಶದ 73ನೆಯ ನಿಯಮ ವಿಧಿಸಿದೆ. ನ್ಯಾಯಬದ್ಧ ವಾರಂಟು ಅಥವಾ ಆದೇಶವನ್ನು ಜಾರಿಗೊಳಿಸಿದ ಅಧಿಕಾರಿಗೆ ಸಿವಿಲ್ ದಾವೆಯಿಂದ 1850ರ ನ್ಯಾಯಿಕ ಅಧಿಕಾರಿಗಳ ರಕ್ಷಣಾ ಅಧಿನಿಯಮ ರಕ್ಷಣೆ ನೀಡುತ್ತದೆ.

ಗಣಕೀಕರಣ

ಇ-ನ್ಯಾಯಾಲಯ ಯೋಜನೆಯಡಿ ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಸಿಎನ್ಆರ್ ಸಂಖ್ಯೆ ದೊರೆಯುತ್ತದೆ. ಶಿವಮೊಗ್ಗ, ಭದ್ರಾವತಿಗಳ ಪ್ರಕರಣದ ವಾಯಿದೆಯನ್ನು ಈ ಸಂಖ್ಯೆಯಿಂದ ಮನೆಯಲ್ಲೇ ನೋಡಬಹುದು. ಜಾಲತಾಣದಿಂದ ಮುದ್ರಿಸಿಕೊಂಡ ಆದೇಶ ಓದಿ ತಿಳಿಯುವುದಕ್ಕೆ ಸಾಕು. ದೃಢೀಕೃತ ನಕಲು ಕೇಳುವ ಕಡೆ ಅದು ಸಲ್ಲುವುದಿಲ್ಲ, ಅಲ್ಲಿ ಕಚೇರಿಯ ಸಹಿ ಮತ್ತು ಮೊಹರು ಬೇಕು.