ದೇಸಾಯಿ: ಹುದ್ದೆಯಿಂದ ಅಡ್ಡಹೆಸರಿಗೆ

ದೇಸಾಯಿ ಎಂಬುದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಗದಗ, ವಿಜಯಪುರ ಭಾಗಗಳಲ್ಲಿ ಬಹಳ ಬಳಕೆಯಲ್ಲಿರುವ ಅಡ್ಡಹೆಸರು. ಹುಟ್ಟಿನಿಂದ ಇದು ಮನೆತನದ ಹೆಸರಲ್ಲ, ಒಂದು ಹುದ್ದೆಯ ಹೆಸರು. ಆ ಕಾರಣಕ್ಕೇ ಇದು ಯಾವುದೇ ಒಂದು ಜಾತಿಗೆ ಕಟ್ಟುಬಿದ್ದಿಲ್ಲ: ಲಿಂಗಾಯತರಲ್ಲಿ, ಬ್ರಾಹ್ಮಣರಲ್ಲಿ, ಜೈನರಲ್ಲಿ, ಮರಾಠರಲ್ಲಿ ದೇಸಾಯಿಗಳಿದ್ದಾರೆ. ಕೊಂಕಣ ಮತ್ತು ಗೋವೆಯಲ್ಲೂ ಈ ಹೆಸರು ಸಾಮಾನ್ಯ. ಗುಜರಾತಿನಲ್ಲಿ ಅನಾವಿಲ ಬ್ರಾಹ್ಮಣರು ಇದನ್ನು ಧರಿಸಿದ್ದು, ಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಆ ಸಮುದಾಯದವರು.

ಬಹಮನಿ ಮತ್ತು ಆದಿಲಶಾಹಿ ಆಡಳಿತದಲ್ಲಿ ಹಲವು ಹಳ್ಳಿಗಳು ಸೇರಿ ಒಂದು ಪರಗಣೆ ಆಗುತ್ತಿತ್ತು. ಹಳ್ಳಿಯ ಮಟ್ಟದಲ್ಲಿ ಗೌಡ ಅಥವಾ ಪಾಟೀಲ ಮುಖ್ಯಸ್ಥ, ಕುಲಕರ್ಣಿ ಲೆಕ್ಕಿಗ. ಪರಗಣೆಯ ಮಟ್ಟದಲ್ಲಿ ಮುಖ್ಯಸ್ಥನ ಜಾಗದಲ್ಲಿ ದೇಸಾಯಿ, ಲೆಕ್ಕಿಗನ ಜಾಗದಲ್ಲಿ ದೇಶಪಾಂಡೆ. ಅಚ್ಚಗನ್ನಡ ಸೀಮೆಯಲ್ಲಿ ದೇಸಾಯಿಯ ಕೆಲಸಕ್ಕೇ ನಾಡಗೌಡ ಎಂಬ ಹೆಸರೂ ಇತ್ತು. ಕಂದಾಯ ಎತ್ತಿ ಸರಕಾರಕ್ಕೆ ಮುಟ್ಟಿಸುವುದು, ಪಾಳುಬಿದ್ದ ಹೊಲಕ್ಕೆ ಒಕ್ಕಲು ತರುವುದು, ಗಡಿ ತಂಟೆ ಬಗೆಹರಿಸುವುದು, ಬೇಕಾದಾಗ ಆಳುಗಳನ್ನು ಕೂಡಿಸುವುದು ಅವನ ಹೊಣೆ. ಪ್ರತಿಯಾಗಿ ಕಂದಾಯದಲ್ಲಿ ಪಾಲು, ಇನಾಂ ಭೂಮಿ, ಹಬ್ಬ-ಜಾತ್ರೆಗಳಲ್ಲಿ ಮೊದಲ ಮಾನ. ಇವೆಲ್ಲ ಸೇರಿ ವತನ. ವತನ ವಂಶಪಾರಂಪರ್ಯದ ಸ್ವತ್ತು. ಅಣ್ಣತಮ್ಮಂದಿರಲ್ಲಿ ಹಂಚಿಕೆಯಾಗುತ್ತಿತ್ತು, ಅದಕ್ಕಾಗಿ ತಲೆಮಾರುಗಟ್ಟಲೆ ವ್ಯಾಜ್ಯವೂ ನಡೆಯುತ್ತಿತ್ತು. ಅಧಿಕಾರ ಒಬ್ಬನದಾದರೂ ಪಾಲು ಎಲ್ಲರದು. ದಫ್ತರ ಮುಟ್ಟದ ಕಿರಿಯ ಕವಲುಗಳೂ ದೇಸಾಯಿ ಎನಿಸಿಕೊಂಡದ್ದು ಹೀಗೆ.

ಹುದ್ದೆ ಹೀಗೆ ಹೆಸರಾಗುವುದು ಈ ಸೀಮೆಯ ವಿಶೇಷವೇನಲ್ಲ. ನಾರ್ಮನ್ನರ ಬೆನ್ನಿಗೆ ಬ್ರಿಟನ್ನಿಗೆ ಬಂದ ಮನೆತನವೊಂದರ ವಾಲ್ಟರ್ ಫಿಟ್ಸ್ ಅಲನ್ 12ನೇ ಶತಮಾನದಲ್ಲಿ ಒಂದನೇ ಡೇವಿಡ್ ದೊರೆಯ ಕೆಳಗೆ ಸ್ಕಾಟ್ಲೆಂಡಿನ ಅರಮನೆಯ ಮೇಲ್ವಿಚಾರಕ, ಅಂದರೆ ಸ್ಟೂವರ್ಡ್, ಆದ. ಆ ಹುದ್ದೆಯೇ ವಂಶಕ್ಕೆ ಸ್ಟುವರ್ಟ್ ಎಂಬ ಹೆಸರು ಕೊಟ್ಟಿತು. 1371ರಲ್ಲಿ ಆ ವಂಶ ಸಿಂಹಾಸನವನ್ನೇ ಏರಿತು. ಆದರೆ ಅಲ್ಲಿ ಹುದ್ದೆ ಒಂದೇ, ಮೂಲ ವಂಶವೂ ಒಂದೇ. ಇಲ್ಲಿ ಪರಗಣೆಗೊಂದು ದೇಸಗತಿ, ಅಂದರೆ ದೇಸಾಯಿಯ ವತನ. ಹಾಗಾಗಿ ಒಂದೇ ಓಣಿಯ ಇಬ್ಬರು ದೇಸಾಯಿಗಳು ರಕ್ತಸಂಬಂಧಿಗಳೆಂದು ಊಹಿಸುವುದಕ್ಕೆ ಆಧಾರವಿಲ್ಲ.

1686ರಲ್ಲಿ ವಿಜಯಪುರ ಮೊಗಲರ ಪಾಲಾಯಿತು. ಬಳಿಕ ಸವಣೂರಿನ ನವಾಬರು, ಮರಾಠರು, ಹೈದರ್, ಟಿಪ್ಪು ಒಬ್ಬರ ಹಿಂದೊಬ್ಬರು ಈ ನೆಲದ ಮೇಲೆ ಹಕ್ಕು ಸಾಧಿಸಿದರು. ದೊರೆ ಬದಲಾದರೂ ಕಂದಾಯ ಎತ್ತಲು ಊರು ಬಲ್ಲವರು ಬೇಕಿದ್ದರಿಂದ ದೇಸಾಯಿಗಳು ಉಳಿದರು. ಗಟ್ಟಿಗರಾದವರು ಅರಸರಂತೆಯೇ ಬಾಳಿದರು. ಇವರಲ್ಲಿ ಕಿತ್ತೂರಿನವರದು ಎಲ್ಲರಿಗಿಂತ ದೊಡ್ಡ ಕಥೆ. ಪೇಶ್ವೆಯ ಸೆರೆ ಕಂಡ ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿದ. ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಸತ್ತಾಗ, ಅವನು ಮಾಡಿಕೊಂಡ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಅವನ ಸಹಾಯಕ, ಸ್ಕಾಟ್ಲೆಂಡಿನ ವಾಲ್ಟರ್ ಎಲಿಯಟ್ ಸೆರೆಸಿಕ್ಕ. ಡಿಸೆಂಬರಿನಲ್ಲಿ ಕೋಟೆ ಬಿತ್ತು, ಮಲ್ಲಸರ್ಜನ ಮಡದಿ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಬಂಧನದಲ್ಲೇ ತೀರಿದಳು. ದೇಸಗತಿ ಎಂಬುದು ಸ್ವತ್ತೋ, ಸರಕಾರದ ಕೃಪೆಯೋ ಎಂಬ ಹಳೆಯ ಪ್ರಶ್ನೆಯೇ ಈ ಯುದ್ಧದ ಬುಡದಲ್ಲಿತ್ತು.

ಕಂಪನಿ ಸರಕಾರ ಅದಕ್ಕೆ ಕಾಗದದಲ್ಲಿ ಉತ್ತರ ಹುಡುಕಿತು. 1840ರ ದಶಕದಲ್ಲಿ ದಕ್ಷಿಣ ಮರಾಠಾ ಪ್ರಾಂತದಲ್ಲಿ ಇನಾಂ ವಿಚಾರಣೆ ಆರಂಭವಾಯಿತು. 1852ರ ಕಾಯಿದೆ ಅದಕ್ಕೆ ಬಲ ಕೊಟ್ಟಿತು. ಹಕ್ಕುಪತ್ರವಾದ ಸನದು ತೋರಿಸಲಾಗದವರ ಇನಾಂ ಹೋಯಿತು. 1860ರ ದಶಕದ ಗಾರ್ಡನ್ ಸೆಟ್ಲ್‌ಮೆಂಟ್ ಇನ್ನೂ ನಿರ್ಣಾಯಕವಾದದ್ದು. ಪರಗಣೆಯ ವತನದಾರರು ಇನ್ನು ಚಾಕರಿ ಮಾಡಬೇಕಿಲ್ಲ, ಆದಾಯದಲ್ಲಿ ಒಂದು ಭಾಗವನ್ನು ಸರಕಾರಕ್ಕೆ ಬಿಟ್ಟುಕೊಟ್ಟರೆ ಉಳಿದದ್ದು ಅವರದು ಎಂದಿತು ಆ ಒಪ್ಪಂದ. ದೇಸಾಯಿ ಎಂಬುದು ಕೆಲಸವಾಗಿ ಮುಗಿದು ಬರಿಯ ಹೆಸರಾದದ್ದು ಇಲ್ಲಿಂದ ಎನ್ನಬಹುದು. ಮುಂಬಯಿ ಪ್ರಾಂತದ ಶಾಲೆ, ಕೋರ್ಟು, ಕಚೇರಿಗಳ ದಾಖಲೆಗಳು ಅಡ್ಡಹೆಸರು ಕೇಳುತ್ತಿದ್ದುದರಿಂದ ಅದು ಗಟ್ಟಿಯಾಗಿ ನಿಂತಿತು. ಇನಿಷಿಯಲ್ಲಿನ ರೂಢಿಯಿದ್ದ ಹಳೆ ಮೈಸೂರಿನಲ್ಲಿ ಇಂಥ ಹೆಸರುಗಳು ಅಷ್ಟಾಗಿ ಬೇರೂರಲಿಲ್ಲ.

ಆದಾಯ ಉಳಿದು ಕೆಲಸ ಹೋದ ಮನೆತನಗಳಲ್ಲಿ ಕೆಲವರು ವಾಡೆಯೊಳಗೇ ಕರಗಿದರು, ಕೆಲವರು ಶಿಕ್ಷಣಕ್ಕೆ ಕೈ ಬಿಚ್ಚಿದರು. ಸಿರಸಂಗಿಯ ಲಿಂಗರಾಜ ದೇಸಾಯಿ (1861-1906) ಎರಡನೆಯ ಸಾಲಿನವರಲ್ಲಿ ಮೊದಲಿಗರು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಮೀಸಲಿಟ್ಟು ಮೃತ್ಯುಪತ್ರ ಬರೆದರು; ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದು. ದೇಸಾಯಿಯ ಜೊತೆಗೇ ಕೇಳಿಬರುವ ಸರದೇಸಾಯಿ ಎಂಬುದು ಹಲವು ದೇಸಾಯಿಗಳ ಮೇಲಿನವನ ಪದವಿ. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿ ಆ ಪದವಿಯವರು. ಹಿಡಕಲ್ ಜಲಾಶಯಕ್ಕೆ ಅವರ ಹೆಸರಿದೆ.

ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರದ 1950ರ ಕಾಯಿದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸಿತು. ಉಳಿದ ಗೇಣಿ ಭೂಮಿ 1974ರ ಭೂಸುಧಾರಣೆಯ ಬಳಿಕ ಬಹುಮಟ್ಟಿಗೆ ಉಳುವವರ ಕೈಸೇರಿತು. ಹೆಸರು ಮಾತ್ರ ಹೊಸ ಕ್ಷೇತ್ರಗಳಿಗೆ ಹೋಯಿತು. ಚುಟುಕಗಳಿಂದ ಮನೆಮಾತಾದ ಅಂಕೋಲೆ ಕಡೆಯ ದಿನಕರ ದೇಸಾಯಿ (1909-1982) ರೈತ ಹೋರಾಟದ ಮುಂದಾಳು, ಲೋಕಸಭಾ ಸದಸ್ಯ. ಒಡೆತನದ ಹುದ್ದೆಯ ಹೆಸರು ಹೊತ್ತವರು ಗೇಣಿದಾರರ ಪರ ನಿಂತದ್ದು ಈ ಇತಿಹಾಸದ ಸೊಗಸಾದ ತಿರುವು. ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಶಾಂತಿನಾಥ ದೇಸಾಯಿ (1929-1998) ನವ್ಯ ಕಾದಂಬರಿಯ ಪ್ರಮುಖರು. ಅವರ ‘ಓಂ ಣಮೋ’ ಕಾದಂಬರಿಗೆ ಮರಣಾನಂತರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹುಬ್ಬಳ್ಳಿಯಲ್ಲಿ ಆಟೊದವರಿಗೆಲ್ಲ ಗೊತ್ತಿರುವ ದೇಸಾಯಿ ಕ್ರಾಸ್ ಇದೆ, ಹತ್ತಿರದಲ್ಲೇ ದೇಶಪಾಂಡೆ ನಗರವೂ ಇದೆ.

ತಮ್ಮ ಮನೆತನದ ಮೂಲ ಹುಡುಕುವ ದೇಸಾಯಿಗಳಿಗೆ ಅಡ್ಡಹೆಸರಿನಿಂದ ಸಿಗುವ ಸುಳಿವು ಕಡಿಮೆ. ಯಾವ ಪರಗಣೆಯ ವತನ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಸನದು, ಇನಾಂ ಪತ್ರ, ವಂಶಾವಳಿಗಳಲ್ಲಿ ಹೆಚ್ಚಿನವು ಮರಾಠಿಯ ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರ ನೆರವಿಲ್ಲದೆ ಈ ಹುಡುಕಾಟ ಮುಂದೆ ಸಾಗದು.